ದೊಡ್ಡತ್ತೆಯ ಖಾಲಿ ಕುಡಿಕೆ

ನಮ್ಮ ದೊಡ್ಡತ್ತೆ ಯಾರ ಮುಖವನ್ನೂ ನೋಡಿದವಳಲ್ಲ. ನೇರ ಕಣ್ಣಿಗೇ ಕೈ! ತಾಯಲೂರಿನ ಸುತ್ತಮುತ್ತ ಯಾವ ಕೂಸು ಹುಟ್ಟಿದರೂ ಅದು ಸರಿಯಾಗಿ ಒಂದು ಸಲ ಅಳುವ ಮೊದಲೇ ಇವಳ ಹೆಬ್ಬೆರಳು ಅದರ ರೆಪ್ಪೆಯ ಮೇಲಿರುತ್ತಿತ್ತು. ಬೇರೆ ಸೂಲಗಿತ್ತಿಯರು ಕೂಸು ಗಂಡೋ ಹೆಣ್ಣೋ ಎಂದು ನೋಡುತ್ತಿದ್ದರು. ಅಪ್ಪನ ಅಕ್ಕನಾದ ಈ ಮಹಾತಾಯಿ ನೋಡುತ್ತಿದ್ದದ್ದು ಒಂದೇ, ಕಣ್ಣಿನ ಬಿಳಿಯಲ್ಲಿ ರಕ್ತ ಇದೆಯೋ ಇಲ್ಲವೋ! "ಗಂಡೋ ಹೆಣ್ಣೋ ಹೇಳಮ್ಮಾ" ಎಂದು ತಂದೆಯಾದವನು ಬಾಗಿಲಾಚೆ ಗೋಗರೆದರೆ, "ತಡ್ಕೊಳಪ್ಪ, ಇನ್ನೂ ಕಣ್ಣಿನ ಹತ್ರಾನೇ ಇದೀನಿ" ಎನ್ನುತ್ತಿದ್ದಳು.

ದೊಡ್ಡವರಾದರೂ ತಪ್ಪಿಸಿಕೊಳ್ಳುವ ಹಾಗಿತ್ತೇ? ಒಮ್ಮೆ ಅಮಲ್ದಾರರು ಕೆರೆ ನೋಡಲು ಕುದುರೆ ಮೇಲೆ ಬಂದರು. ಅವರ ಒಂದು ಕಣ್ಣು ಕೆಂಪಗಿತ್ತು. ಶಾನುಭೋಗರು, ಪಟೇಲರು ಎಲ್ಲ ಕೈಕಟ್ಟಿ ನಿಂತಿರುವಾಗ ದೊಡ್ಡತ್ತೆ ಸಂದಿಯಲ್ಲಿ ನುಗ್ಗಿದಳು. "ನೀವು ಹುಟ್ಟುವಾಗ ನಿಮ್ಮಮ್ಮ ಎಷ್ಟು ಹೊತ್ತು ನೋವು ತಿಂದ್ಲು ಸ್ವಾಮಿ?" ಪಟೇಲರ ಎದೆ ನಿಂತೇ ಹೋಯಿತು! ಅಮಲ್ದಾರರು ಒಳ್ಳೆಯವರು. "ದಾರಿ ಧೂಳು ಬಿತ್ತಮ್ಮಾ" ಎಂದರು. "ಹಂಗಾದ್ರೆ ನಿಮ್ಮನ್ನ ಲೆಕ್ಕಕ್ಕೆ ಹಿಡಿಯಲ್ಲ ಬಿಡಿ" ಎಂದು ಇವಳೇ ಅವರನ್ನು ಕೈಬಿಟ್ಟಳು.

ಯಾವ ಲೆಕ್ಕ ಎಂದಿರಾ? ಹುಟ್ಟುವಾಗಲೇ ಕಣ್ಣಲ್ಲಿ ರಕ್ತವಿದ್ದ ಕೂಸು ಸೋದರಮಾವನಿಗೆ ಗಂಡಾಂತರ ಎಂದು ನಮ್ಮ ಕಡೆಯ ಹಿರಿಯರು ನಂಬಿದ್ದರು. ಅಂಥ ಕೂಸಿನ ನೆರಳನ್ನು ಮಾವ ಮೊದಲು ಎಣ್ಣೆ ಬಟ್ಟಲಿನಲ್ಲಿ ನೋಡಬೇಕು, ಆಮೇಲೆ ಮುಖ. ಅವನು ಒಲ್ಲೆ ಎಂದನೋ, ಕೂಸಿಗೆ ಹೆಸರಿಲ್ಲ, ತಾಯಿಗೆ ತೌರಿಲ್ಲ. ದೊಡ್ಡತ್ತೆಗೆ ಈ ಮಾತು ಕೇಳಿದರೇ ಮೈಯೆಲ್ಲ ಉರಿ. ಓದು ಬರಹ ಬಾರದ ಅವಳು ಗೂಡಿನಲ್ಲಿ ಸಾಲಾಗಿ ಮಣ್ಣಿನ ಕುಡಿಕೆಗಳನ್ನು ಇಟ್ಟಿದ್ದಳು. ಕೆಂಪು ಕಣ್ಣಿನ ಕೂಸೊಂದು ಹುಟ್ಟಿದರೆ ಒಂದು ಗುಲಗಂಜಿ. ಚೊಚ್ಚಲಾದರೆ ಈ ಕುಡಿಕೆ, ನೋವು ದಿನಗಟ್ಟಲೆ ಎಳೆದರೆ ಅದು, ಕೂಸಿನ ತಲೆ ದಪ್ಪವಾದರೆ ಆಚೆಯದು, ಪಟ್ಟಣದ ಆಸ್ಪತ್ರೆಯಲ್ಲಿ ಇಕ್ಕಳ ಹಾಕಿ ಎಳೆದಿದ್ದರೆ ಮೂಲೆಯದು. ಕೊನೆಯದು 'ಮಾವ ಸತ್ತ ಕುಡಿಕೆ'. ಅದು ಖಾಲಿ! ಅದರೊಳಗೆ ಜೇಡವೊಂದು ಸಂಸಾರ ಹೂಡಿತ್ತು.

ಒಮ್ಮೆ ಕ್ಯಾಲನೂರಿನಿಂದ ಒಬ್ಬ ಓಡೋಡಿ ಬಂದ. "ದೊಡ್ಡಮ್ಮೋ, ಹಾಕು ನಿನ್ನ ಗುಲಗಂಜಿ! ನಮ್ಮೂರ ಕೆಂಪು ಕಣ್ಣಿನ ಕೂಸಿನ ಮಾವ ಮರದಿಂದ ಬಿದ್ದು ಸತ್ತ!"

"ಯಾವಾಗ್ಲಾ ಬಿದ್ದಿದ್ದು?"

"ಯುಗಾದಿಗೆ ಮುಂಚೆ."

"ಕೂಸು ಹುಟ್ಟಿದ್ದು?"

"ಯುಗಾದಿ ಆದ್ಮೇಲೆ."

"ಹುಟ್ಟೋಕ್ಮುಂಚೆ ಬಂದು ಮರದಿಂದ ನೂಕಿ ವಾಪಸ್ ಹೋಯ್ತೇನ್ಲಾ ಕೂಸು?" ಜೇಡ ನೆಮ್ಮದಿಯಾಗಿ ಉಳಿಯಿತು.

ಇದನ್ನೆಲ್ಲ ನೆನೆದು ನಾನು ನಗುತ್ತಲೇ ಇದ್ದೆ, ನನ್ನ ಸರದಿ ಬರುವವರೆಗೆ! ಶಿವಾರಪಟ್ಟಣದ ಕಲ್ಲು ಕೆತ್ತುವವರ ಮನೆಗೆ ಸೊಸೆಯಾಗಿ ಹೋಗಿದ್ದವಳು ಚೊಚ್ಚಲ ಹೆರಿಗೆಗೆ ತೌರಿಗೆ ಬಂದೆ. ನೋವು ಎರಡು ದಿನ ಹಿಡಿಯಿತು. ದೊಡ್ಡತ್ತೆ ಪಕ್ಕದೂರಿನಲ್ಲಿ ಇನ್ನೊಬ್ಬಳ ಹೆರಿಗೆ ಮಾಡಿಸುತ್ತಿದ್ದಳು. ಇತ್ತ ಬೀದಿಯ ಹೆಂಗಸರೆಲ್ಲ ನನ್ನನ್ನು ಸುತ್ತುವರಿದು "ಉಸಿರು ಕಟ್ಟಿ ಮುಕ್ಕೇ, ಮುಕ್ಕು!" ಎಂದು ಜೀವ ತಿಂದರು. ಅಷ್ಟರಲ್ಲಿ ಬಂದಳು ನೋಡಿ! "ಗರ್ಭದ ಬಾಗಿಲು ತೆಗೆಯೋಕ್ಮುಂಚೇನೇ ನೂಕಿಸ್ತಿದೀರಲ್ರೇ, ಕೂಸಿನ ಕಣ್ಣು ಏನಾಗ್ಬೇಕು!" ಎಂದು ಎಲ್ಲರನ್ನೂ ಆಚೆಗಟ್ಟಿದಳು. ಮಗಳು ಹುಟ್ಟಿದಳು. ಎರಡು ಕಣ್ಣಲ್ಲೂ ಕಪ್ಪಿನ ಪಕ್ಕದಲ್ಲಿ ದಟ್ಟ ಕೆಂಪು.

ಸುದ್ದಿ ಕೇಳಿದ ಅಣ್ಣ ಅಂಗಿಯನ್ನೂ ಹಾಕಿಕೊಳ್ಳದೆ ಓಡಿದ! ಅವನೇನು ಸಾಮಾನ್ಯನೇ? ಗರಡಿ ಮನೆ ಪೈಲ್ವಾನ, ಒಂದೊಂದು ತೋಳೂ ಒನಕೆ. ಅಂಥವನು ಗೇಣುದ್ದದ ಕೂಸಿಗೆ ಹೆದರಿ ಮುಳಬಾಗಿಲಿನ ಚಿಕ್ಕಪ್ಪನ ಮನೆ ಸೇರಿಕೊಂಡ. "ಮಾವ ನೋಡದ ಕೂಸನ್ನ ಇಲ್ಲಿಗೆ ಕರ್ಕೊಂಡು ಬರಬೇಡಿ" ಎಂದು ಗಂಡನ ಮನೆಯಿಂದ ಸುದ್ದಿ ಬಂತು. "ನನಗಿರೋನು ಒಬ್ಬನೇ ಮಗ ಕಣೇ, ನಾನೇನು ಮಾಡ್ಲಿ?" ಎಂದು ಅಮ್ಮನೂ ಅತ್ತಳು. ಆ ಮನೆಯೂ ಇಲ್ಲ, ಈ ಮನೆಯೂ ಇಲ್ಲ. ಹಸಿ ಬಾಣಂತಿ, ಎದೆಗೆ ಅವುಚಿಕೊಂಡ ಹೆಸರಿಲ್ಲದ ಮಗಳು. ಎಲ್ಲಿಗೆ ಹೋಗಲಿ?

ದೊಡ್ಡತ್ತೆ ಸೆರಗು ಬಿಗಿದು ಬಸ್ಸು ಹತ್ತಿದಳು. ಯುದ್ಧದ ಕಾಲ, ಪೆಟ್ರೋಲ್ ಇಲ್ಲ, ಇದ್ದಿಲು ಹೊಗೆಯ ಬಸ್ಸು. ಏರಿನಲ್ಲಿ ನಿಂತೇಬಿಟ್ಟಿತಂತೆ. ಗಂಡಸರೆಲ್ಲ ಇಳಿದು ನೂಕಿದರೆ ಇವಳು ಹಿಂದೆ ನಿಂತು, "ಈಗ್ಲೇ ಬೇಡ್ರೋ! ಉಸಿರು ಬಿಡಿ... ಹಾಂ, ಈಗ ಮುಕ್ಕಿ!" ಬಸ್ಸು ಹೊರಟಿತು! "ಸುಖಪ್ರಸವ" ಎಂದು ಕಂಡಕ್ಟರ್ ಕೈಮುಗಿದನಂತೆ.

ಮುಳಬಾಗಿಲಿನಲ್ಲಿ ಅಣ್ಣ ಕಣಜದ ಹಿಂದೆ ಅಡಗಿದ್ದ. ಸಿಟ್ಟು ಬಂದರೆ ದೊಡ್ಡತ್ತೆಗೆ ತೆಲುಗೇ ಬರುವುದು. "ರಾರಾ ಬಯಟಿಕಿ!" ಎಂದು ಜುಟ್ಟು ಹಿಡಿದು ಹೊರಗೆಳೆದಳು.

"ಶ್ರೀನಿವಾಸಪುರದ ಕುಸ್ತೀಲಿ ಆ ದಡಿಯ ನಿನ್ನ ಕತ್ತು ಕಂಕುಳಲ್ಲಿ ಅಮುಕಿದ್ನಲ್ಲ, ನಿನ್ನ ಕಣ್ಣು ಏನಾಯ್ತು?"

"ಕೆಂಪಗಾಯ್ತು ಅತ್ತೆ."

"ನಿಮ್ಮ ಮಾವ ಸತ್ನಾ?"

"ಇಲ್ಲ. ನೆನ್ನೆ ತಾನೆ ಅವರೆಕಾಯಿ ಕಳ್ಸಿದಾನೆ."

"ನೀನು ಒಂದು ಗಳಿಗೆ ಸಿಕ್ಕಾಕ್ಕೊಂಡಿದ್ದಕ್ಕೇ ಹಂಗಾಯ್ತು. ಆ ಕೂಸು ಎರಡು ದಿನ ಇಕ್ಕಟ್ಟಲ್ಲಿ ಸಿಕ್ಕಾಕ್ಕೊಂಡು, ಗೆದ್ದು ಬಂದಿದೆ ಕಣೋ. ಈಗ ಹೇಳು, ಯಾರ್ಲಾ ಪೈಲ್ವಾನ?"

ಅಣ್ಣ ಬಂದ. ಎಣ್ಣೆ ಬಟ್ಟಲಿನ ಮುಂದೆ ಕಣ್ಣು ಮುಚ್ಚಿ ಕೂತ. "ಚೂಡರಾ, ನೋಡೋ!" ಎಂದು ಅವಳು ತಲೆಗೊಂದು ಮೊಟಕಿದಾಗ ಕಣ್ಣು ಬಿಟ್ಟ. ಎಣ್ಣೆಯಲ್ಲಿ ನನ್ನ ಮಗಳು ಆಕಳಿಸಿದಳು. ಅಣ್ಣ ತಲೆಯೆತ್ತಿ ಅವಳ ಮುಖವನ್ನೇ ನೋಡಿದ. "ಅಯ್ಯೋ, ನನ್ನ ಮೂಗೇ ಕಣಮ್ಮಾ ಇದಕ್ಕೆ!" ಎಂದು ಕೂಗಿಕೊಂಡ. ಅಮ್ಮ ಕೂಸನ್ನು ಎತ್ತಿ ಅವನ ತೊಡೆಗೆ ಹಾಕಿದಳು. ನನಗೆ ಹೋದ ಜೀವ ಬಂತು. ಆ ಕೆಂಪು ಎರಡು ವಾರದಲ್ಲಿ ಅರಿಶಿನದ ಬಣ್ಣಕ್ಕೆ ತಿರುಗಿ ಮಾಯವೂ ಆಯಿತು.

ಅಣ್ಣ ಕೂಸನ್ನು ನೋಡಿದ ದಿನವೇ ದೊಡ್ಡತ್ತೆ ನನ್ನ ಮಗಳ ಗುಲಗಂಜಿ ಹಾಕಲು ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಬಣ್ಣ ಮಾಸಿದ ಹಳೆಯದೂ ಒಂದಿತ್ತು. "ಇದು ಯಾರದು ಅತ್ತೆ?" ಎಂದೆ.

"ನಂದು ಕಣೇ" ಎಂದಳು. "ನಮ್ಮ ಸೋದರಮಾವ ಹಬ್ಬಕ್ಕೆ ಬಂದ್ರೆ, ಆ ಹುಡುಗೀನ ಒಳಗೆ ಕಳ್ಸಿ ಅಂತ ಬಾಗಿಲಲ್ಲೇ ಕೂಗೋನು. ಮದುವೇಲಿ ನನ್ನನ್ನ ಎತ್ಕೊಂಡು ಹೋಗೋಕೂ ಬರ್ಲಿಲ್ಲ. ನಾನೇ ನಡ್ಕೊಂಡು ಹೋಗಿ ಮಣೆ ಮೇಲೆ ಕೂತೆ. ತೊಂಬತ್ತು ವರ್ಷ ಬದುಕ್ದ ಮಹಾರಾಯ. ಒಂದಿನಾನೂ ನನ್ನ ಮುಖ ನೋಡ್ಲಿಲ್ಲ."

ಅಣ್ಣ ಕೂಸನ್ನು ನನ್ನ ಕೈಗೆ ಕೊಟ್ಟು, ಎಣ್ಣೆ ಬಟ್ಟಲನ್ನು ದೊಡ್ಡತ್ತೆಯ ಮುಂದೆ ಸರಿಸಿದ.

"ಕೂತ್ಕೊ ಅತ್ತೆ. ಮಾವ ನೋಡ್ದಿದ್ರೆ ಬಿಡು. ಅಳಿಯ ನಾನು ನೋಡ್ತೀನಿ."

"ಹುಚ್ಚು ಮುಂಡೇದೇ" ಎಂದು ಬೈಯುತ್ತಲೇ ಕೂತಳು. ಅವನು ಎಣ್ಣೆಯಲ್ಲಿ ಅವಳ ನೆರಳು ನೋಡಿದ. ಆಮೇಲೆ ತಲೆಯೆತ್ತಿ, ಆ ಸುಕ್ಕು ಮುಖವನ್ನು ಸಾವಕಾಶವಾಗಿ, ಕಣ್ತುಂಬ ನೋಡಿದ.

"ನೋಡಿದ್ಯೇನ್ಲಾ?"

"ನೋಡ್ದೆ ಅತ್ತೆ."

"ಏನೂ ಆಗ್ಲಿಲ್ವಲ್ಲ?"

"ಏನೂ ಆಗ್ಲಿಲ್ಲ."

ಊರಿನ ಕೂಸುಗಳ ಕಣ್ಣನ್ನೆಲ್ಲ ಬಿಡಿಸಿ ನೋಡಿದ ನಮ್ಮ ದೊಡ್ಡತ್ತೆ ತನ್ನ ಕಣ್ಣನ್ನು ಸೆರಗಿನಿಂದ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.