ಫೋನಿನಲ್ಲಿ ಮಾತ್ರ ಬ್ರಿಟಿಷ್

ಕ್ಯೂನಲ್ಲಿ ನಿಂತರೆ ಮಿಸ್ ತಮಗೂ ಮುಂದಿನವರಿಗೂ ನಡುವೆ ಒಬ್ಬ ಮನುಷ್ಯ ಆರಾಮವಾಗಿ ಹಿಡಿಸುವಷ್ಟು ಜಾಗ ಬಿಡುತ್ತಿದ್ದರು. ಸೌದಿಯ ಅಲ್ ಖೋಬರ್‌ನ ಸೂಪರ್ ಮಾರ್ಕೆಟ್ಟಿನಲ್ಲಿ ಅಷ್ಟು ಜಾಗ ಬಿಟ್ಟರೆ ಒಬ್ಬ ಮನುಷ್ಯ ಬಂದು ನಿಂತೇ ನಿಲ್ಲುತ್ತಾನೆ. ಅವನ ಹಿಂದೆ ಟ್ರಾಲಿ, ಟ್ರಾಲಿಯ ಹಿಂದೆ ಹೆಂಡತಿ, ಅವರ ಹಿಂದೆ ನಾದಿನಿ. ಮಿಸ್ ಎಲ್ಲರಿಗೂ ಒಂದೊಂದು ನಗು ಕೊಟ್ಟು, ಕೊನೆಯವರ ಹಿಂದೆ ಮತ್ತೆ ಅಷ್ಟೇ ಜಾಗ ಬಿಡುತ್ತಿದ್ದರು. "ಹತ್ತಿರ ನಿಲ್ಲಿ ಮಿಸ್" ಅಂದರೆ, "ಬರ್ಮಿಂಗ್‌ಹ್ಯಾಮ್‌ನಲ್ಲಿ ಹೀಗೇ ನಿಲ್ಲುವುದು" ಅನ್ನುತ್ತಿದ್ದರು. ಒಂದು ಡಬ್ಬ ಹಾಲಿಗೆ ನಾವು ಅರ್ಧ ಸಂಜೆ ಕಳೆದದ್ದಿದೆ. ಆಮೇಲಾಮೇಲೆ ಆ ಜಾಗದಲ್ಲಿ ನಾನೇ ನಿಲ್ಲತೊಡಗಿದೆ.

ಮಿಸ್ ಬ್ರಿಟಿಷ್. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ನೋಡಿದರೆ ಗೊತ್ತಾಗುವುದಿಲ್ಲ. ಅವರ ತಾತ ಬಂಟ್ವಾಳ ಕಡೆಯವರು, ಹಡಗಿನ ಕೆಲಸಕ್ಕೆ ಹೋಗಿ ಅಲ್ಲಿಯೇ ಇಳಿದುಕೊಂಡವರು. ಮೊಮ್ಮಗಳು ಹುಟ್ಟಿದ್ದು, ಓದಿದ್ದು, ಟೀಚರ್ ಆದದ್ದು ಎಲ್ಲ ಬರ್ಮಿಂಗ್‌ಹ್ಯಾಮ್‌ನಲ್ಲಿ. ಮುಖ ಮಾತ್ರ ಥೇಟ್ ನನ್ನ ಚಿಕ್ಕಮ್ಮನದು, ಉಮ್ಮನ ತಂಗಿಯದು. ಆ ಪಾಸ್‌ಪೋರ್ಟಿಗೂ ಈ ಮುಖಕ್ಕೂ ನಡುವೆ ದಿನಾ ಒಂದಲ್ಲ ಒಂದು ತಮಾಷೆ ನಡೆಯುತ್ತಲೇ ಇತ್ತು. ನಾನು ಅವರು ಪಾಠ ಮಾಡುತ್ತಿದ್ದ ಶಾಲೆಯ ಆಫೀಸಿನಲ್ಲಿ, ಅಡ್ಮಿನ್ ಸರ್ ಎದುರಿನ ಮೇಜಿನಲ್ಲಿ ಕೂತು ಟೈಪ್ ಮಾಡುತ್ತಾ ಎಲ್ಲ ನೋಡಿದ್ದೇನೆ. ಈಗ ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ಬೋರ್ಡು

ಮಿಸ್ ಬಂದಿಳಿಯುವ ದಿನ ದಮ್ಮಾಮ್ ಏರ್‌ಪೋರ್ಟಿಗೆ ನಮ್ಮ ಶಾಲೆಯ ಡ್ರೈವರ್ ಕಾಕ ಹೋದರು. ವಿಟ್ಲದವರು, ಬಹಳ ನಂಬಿಕಸ್ಥರು. ಕೈಯಲ್ಲಿ ಶಾಲೆಯ ಹೆಸರಿನ ಬೋರ್ಡು. ಆಗೆಲ್ಲ ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸು, ಕೆಲಸ ಕೊಟ್ಟವರ ಕಡೆಯವರು ಬಾರದೆ ಏರ್‌ಪೋರ್ಟಿನಿಂದ ಹೊರಡುವಂತಿರಲಿಲ್ಲ. ಹಾಗಾಗಿ ಕಾಕನಿಗೂ ಟೆನ್ಶನ್. ಕೊನೆಗೆ ಆಫೀಸಿಗೆ ಫೋನ್ ಮಾಡಿದರು. ಸರ್ ಸ್ಪೀಕರಿಗೆ ಹಾಕಿದರು.

"ಸರ್, ಬ್ರಿಟಿಷ್ ಬರ್ಲಿಲ್ಲ. ವಿಮಾನದ ಜನ ಎಲ್ಲ ಹೋಗಿ ಆಯ್ತು."

"ಸರಿ ನೋಡಿ ಮಾರಾಯ್ರೇ. ಯಾರೂ ಇಲ್ವಾ?"

"ಬಿಳಿಯವರು ಒಬ್ಬರೂ ಇಲ್ಲ. ನಮ್ಮ ಊರಿನ ಕಡೆಯ ಒಂದು ಹುಡುಗಿ ಉಂಟು. ಆಗಿಂದ ಬೋರ್ಡು ನೋಡಿ ನಗಾಡಿಕೊಂಡು ನಿಂತಿದೆ. ಬ್ರಿಟಿಷ್ ಮೇಡಂ ಬರ್ಲಿಕ್ಕೆ ಉಂಟು, ಸ್ವಲ್ಪ ಸೈಡಿಗೆ ನಿಲ್ಲು ಅಂತ ಎರಡು ಸಲ ಹೇಳಿದೆ. ಸೈಡಿಗೆ ನಿಂತಿತು. ಹೋಗಲಿಲ್ಲ."

"ಅವಳನ್ನೇ ಕೇಳಿ, ಬ್ರಿಟಿಷ್ ಹೆಂಗಸು ಯಾರಾದ್ರೂ ಕಂಡ್ಲಾ ಅಂತ."

ಕಾಕ ತಮ್ಮ ಹರಕು ಇಂಗ್ಲಿಷಿನಲ್ಲಿ ಕೇಳಿದರು. ಸ್ಪೀಕರಿನಲ್ಲಿ ಒಂದು ಮೆತ್ತಗಿನ ದನಿ, ಅಚ್ಚ ಬರ್ಮಿಂಗ್‌ಹ್ಯಾಮ್ ಇಂಗ್ಲಿಷಿನಲ್ಲಿ:

"ಕಂಡಿದ್ದೇನೆ. ಬೆಳಿಗ್ಗೆ ಕನ್ನಡಿಯಲ್ಲಿ."

ಒರಿಜಿನಲ್

ನಮ್ಮ ಶಾಲೆಯಲ್ಲಿ ಎರಡು ಸ್ಕೇಲ್. ಬ್ರಿಟಿಷ್ ಸ್ಕೇಲ್ ಅಂದರೆ ದುಪ್ಪಟ್ಟು ಸಂಬಳ, ಗೋಡೆ ಗೇಟು ಕಾವಲು ಇರುವ ಕಾಂಪೌಂಡಿನಲ್ಲಿ ಮನೆ, ವರ್ಷಕ್ಕೊಮ್ಮೆ ಊರಿಗೆ ಟಿಕೆಟ್. ಇನ್ನೊಂದು, ನಮ್ಮಂಥವರ ಸ್ಕೇಲ್. ಅದರಲ್ಲಿ ಏನೇನಿಲ್ಲ ಎಂದು ಬರೆಯಲು ಹೊರಟರೆ ಈ ಪ್ರಸಂಗ ಮುಗಿಯುವುದಿಲ್ಲ.

ಫೋನಿನಲ್ಲಿ ಸಂದರ್ಶನ ಮಾಡಿ ಮಿಸ್‌ಗೆ ಹೇಳಿದ್ದು ಬ್ರಿಟಿಷ್ ಸ್ಕೇಲ್. ಅದನ್ನು ನಂಬಿ ಅವರು ಅಲ್ಲಿಯ ಕಾಯಂ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದರು. ಅವರೂ ಅವರ ಅಮ್ಮನೂ ಇದ್ದದ್ದು ಬಾಡಿಗೆ ಮನೆ. ಗೋಡೆಯೆಲ್ಲ ತೇವ ಹಿಡಿದು ಕಪ್ಪಾಗಿ, ಅಮ್ಮನಿಗೆ ವರ್ಷವಿಡೀ ಕೆಮ್ಮು. ಅಲ್ಲಿಯ ಸಂಬಳದಲ್ಲಿ ಬಾಡಿಗೆ, ತೆರಿಗೆ, ಓದಿನ ಸಾಲದ ಕಂತು ಕಳೆದರೆ ಮನೆ ಕೊಳ್ಳುವ ಮುಂಗಡ ಈ ಜನ್ಮದಲ್ಲಿ ಕೂಡುವುದಿಲ್ಲ. ಎರಡು ವರ್ಷ ಇಲ್ಲಿ ದುಡಿದರೆ ಅಮ್ಮನಿಗೆ ಒಣ ಗೋಡೆಯ ಒಂದು ಮನೆ. ಇಷ್ಟೇ ಅವರ ಲೆಕ್ಕ.

ಕಾಂಟ್ರ್ಯಾಕ್ಟಿಗೆ ಸಹಿ ಹಾಕಲು ಬಂದ ದಿನ ಸರ್ ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಸರ್ ಬೇರೆ ಯಾರೋ ಅಲ್ಲ, ಉಡುಪಿ ಕಡೆಯ ನಮ್ಮವರೇ.

"ನೀವು ಬ್ರಿಟಿಷ್, ಸರಿ. ಒರಿಜಿನಲ್ ಎಲ್ಲಿ?"

"ಬರ್ಮಿಂಗ್‌ಹ್ಯಾಮ್."

"ಅದಲ್ಲ. ಒರಿಜಿನಲ್."

ಮಿಸ್ ಸ್ವಲ್ಪ ಯೋಚಿಸಿ, "ಬರ್ಮಿಂಗ್‌ಹ್ಯಾಮ್‌ನ ದಕ್ಷಿಣ ಭಾಗ" ಅಂದರು.

"ತಂದೆ, ತಾತ, ಅವರೆಲ್ಲ?"

"ತಾತ ಬಂಟ್ವಾಳ."

"ಹಾಂ!" ಸರ್ ಕುರ್ಚಿಗೆ ಒರಗಿದರು, ಕಳ್ಳನನ್ನು ಹಿಡಿದವರ ಹಾಗೆ. "ನೋಡಿ ಮಿಸ್, ಫೋನಿನಲ್ಲಿ ನಿಮ್ಮ ಇಂಗ್ಲಿಷ್ ಕೇಳಿ ನಾವು ಬಿಳಿಯವರು ಅಂದುಕೊಂಡೆವು."

"ನಾನು ಬಿಳಿ ಎಂದು ಹೇಳಲಿಲ್ಲವಲ್ಲ?"

"ಅಲ್ಲ ಎಂದೂ ಹೇಳಲಿಲ್ಲವಲ್ಲ!"

ಸದ್ಯಕ್ಕೆ ಇನ್ನೊಂದು ಸ್ಕೇಲ್, ಮುಂದಿನ ಟರ್ಮಿನಲ್ಲಿ ನೋಡುವ ಎಂದಾಯಿತು. ಕೆಲಸ ಬಿಟ್ಟು ಬಂದವರು ಎಲ್ಲಿಗೆ ವಾಪಸ್ ಹೋಗುವುದು? ಮಿಸ್ ಸಹಿ ಹಾಕಿದರು. ಅವರು ಹೊರಗೆ ಹೋದ ಮೇಲೆ ಸರ್ ನನ್ನ ಕಡೆ ತಿರುಗಿ, "ನೀನು ಸ್ವಲ್ಪ ಸಮಾಧಾನ ಹೇಳು ಮಾರಾಯ್ತಿ. ನಮ್ಮವಳೇ ಅಲ್ವಾ, ಅಡ್ಜಸ್ಟ್ ಮಾಡಿಕೊಳ್ಳಲಿಕ್ಕೆ ಎಂತ?" ಅಂದರು. ಸಂಬಳ ಕಡಿಮೆ ಮಾಡುವಾಗ ನಾವು ಎಷ್ಟು ಬೇಗ ಸಂಬಂಧಿಕರಾಗಿಬಿಡುತ್ತೇವೆ!

ಕೆಂಪು ನಲ್ಲಿ, ನೀಲಿ ನಲ್ಲಿ

ಕಾಂಪೌಂಡಿನ ಮನೆಯ ಬದಲು ಮಿಸ್‌ಗೆ ಸಿಕ್ಕಿದ್ದು ಇನ್ನೂ ಮೂವರು ಟೀಚರ್‌ಗಳ ಜೊತೆ ಒಂದು ಫ್ಲ್ಯಾಟ್. ಬೇಸಿಗೆ. ನೀಲಿ ನಲ್ಲಿ ತಿರುಗಿಸಿದರೆ ಚಹಾ ಮಾಡುವಷ್ಟು ಬಿಸಿ ನೀರು, ಟ್ಯಾಂಕು ತಾರಸಿಯ ಮೇಲೆ ಬಿಸಿಲಿಗೆ ಕುದಿಯುತ್ತಿತ್ತಲ್ಲ. ದೂರು ಕೊಟ್ಟರೆ ಕಟ್ಟಡ ನೋಡಿಕೊಳ್ಳುವವನು ಬಂದು ಗೀಸರ್ ಆಫ್ ಮಾಡಿ ಹೋದ. ಒಳಗೆ ನೆರಳಲ್ಲಿರುವ ಗೀಸರಿನಲ್ಲಿ ನೀರು ತಣಿಯುತ್ತದೆ, ಇನ್ನು ಚಳಿಗಾಲದವರೆಗೆ ಕೆಂಪು ನಲ್ಲಿಯಲ್ಲಿ ತಣ್ಣೀರು, ನೀಲಿಯಲ್ಲಿ ಬಿಸಿನೀರು ಅಂದ. ಇಲ್ಲೇ ಹುಟ್ಟಿ ಬೆಳೆದ ನನ್ನಂಥವರಿಗೆ ಇದು ಮೊದಲಿನಿಂದ ಗೊತ್ತು. ಮಿಸ್ ಮಾತ್ರ ಲೋಕದ ಎಂಟನೇ ಅದ್ಭುತ ಕಂಡವರ ಹಾಗೆ ಅಮ್ಮನಿಗೆ ಫೋನ್ ಮಾಡಿ ವರ್ಣಿಸಿದರು. ಅಮ್ಮ ಎಲ್ಲ ಕೇಳಿ, ಕೆಮ್ಮಿ, ಹೇಳಿದರಂತೆ:

"ಪುಣ್ಯವಂತೆ ನೀನು. ಇಲ್ಲಿ ಬಾಯ್ಲರ್ ಕೆಟ್ಟು ಎರಡರಲ್ಲೂ ತಣ್ಣೀರು."

ಬ್ಯಾಂಕು

ಸಂಬಳಕ್ಕೆ ಖಾತೆ ಬೇಕಲ್ಲ. ಹೆಂಗಸರ ಬ್ರಾಂಚಿಗೆ ಮಿಸ್ ಜೊತೆ ನನ್ನನ್ನು ಕಳಿಸಿದರು. ಕೌಂಟರಿನ ಹುಡುಗಿ ಒಳ್ಳೆಯವಳು, ಖರ್ಜೂರ ಕೊಟ್ಟಳು. ಪಾಸ್‌ಪೋರ್ಟ್ ನೋಡಿದಳು, ಇಕಾಮಾ ಎಂಬ ವಾಸದ ಪರವಾನಗಿ ನೋಡಿದಳು, ಶಾಲೆ ಕೊಟ್ಟ ಸಂಬಳದ ಪತ್ರ ನೋಡಿದಳು. ಮತ್ತೆ ಪಾಸ್‌ಪೋರ್ಟ್ ನೋಡಿದಳು.

"ಬ್ರಿಟಿಷ್?"

"ಹೌದು."

"ಇದು ಸಂಬಳ?"

"ಹೌದು."

"ವಾರಕ್ಕಾ?"

"ತಿಂಗಳಿಗೆ."

ಅವಳು ಎದ್ದು ಒಳಗೆ ಹೋದಳು. ಒಳಗಿನಿಂದ ಇನ್ನೊಬ್ಬರು ದೊಡ್ಡ ಮೇಡಂ ಬಂದರು. ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು, ಯಾರಿಗೋ ಫೋನ್ ಮಾಡಿದರು. ಮಿಸ್ ಮುಖ ಕೆಂಪಾಯಿತು. ಕೊನೆಗೆ ದೊಡ್ಡ ಮೇಡಂ ನಗುನಗುತ್ತಾ, "ಕ್ಷಮಿಸಿ, ಪಾಸ್‌ಪೋರ್ಟ್ ಅಸಲಿಯೇ. ಈ ಸಂಬಳದ ಪತ್ರ ನಕಲಿ. ಶಾಲೆಗೆ ಹೇಳಿ ಸರಿಯಾದದ್ದು ತನ್ನಿ" ಅಂದರು.

ಆ ಪತ್ರ ಟೈಪ್ ಮಾಡಿದವಳೇ ನಾನು. ಸಹಿ ಸರ್‌ದು. ವಾಪಸ್ ಬಂದು ಹೇಳಿದಾಗ ಸರ್ ಮೇಜು ಗುದ್ದಿದರು. ಅಬ್ಬ, ಈಗಲಾದರೂ ನಾಚಿಕೆಯಾಯಿತು ಎಂದುಕೊಂಡೆ.

"ಎಂಥ ಅನ್ಯಾಯ ಇದು! ಇಷ್ಟು ವರ್ಷದ ಸರ್ವೀಸಿನಲ್ಲಿ ಒಬ್ಬರೂ ನನ್ನ ಸಹಿಯನ್ನು ನಕಲಿ ಅಂದಿರಲಿಲ್ಲ!"

ಸಂಬಂಧ

ಉಮ್ಮನಿಗೆ ಮಿಸ್ ಮೇಲೆ ಪ್ರೀತಿ. ನಾನು ಎಷ್ಟು ಮಾತಾಡುವುದಿಲ್ಲವೋ ಅಷ್ಟನ್ನೂ ಉಮ್ಮನೇ ಮಾತಾಡುವುದು. ಒಂದು ಶುಕ್ರವಾರ ನೀರು ದೋಸೆ, ಕೋಳಿ ಸಾರು ಮಾಡಿ ಮಿಸ್‌ನ ಕರೆದರು. ಸುದ್ದಿ ಹೇಗೆ ಹೋಯಿತೋ, ಅಡ್ಮಿನ್ ಸರ್ ಹೆಂಡತಿಯೂ ಹಲ್ವಾದ ಡಬ್ಬ ಹಿಡಿದುಕೊಂಡು ಬಂದರು. ಮಿಸ್ ಪಕ್ಕದಲ್ಲೇ ಕೂತು, ಕೈ ಹಿಡಿದು, ಕೂದಲು ನೇವರಿಸಿ, ಕೊನೆಗೆ ಉಮ್ಮನ ಹತ್ತಿರ ವಿಷಯಕ್ಕೆ ಬಂದರು.

"ನಮ್ಮ ಯಜಮಾನರ ಅಕ್ಕನ ಮಗ ಒಬ್ಬ ಇದ್ದಾನೆ. ಚಿನ್ನದಂಥ ಹುಡುಗ. ಹುಡುಗಿ ಬ್ರಿಟಿಷ್ ಅಲ್ವಾ, ಮದುವೆ ಆದ್ರೆ ಅವನಿಗೂ ಅಲ್ಲಿಗೆ ಹೋಗ್ಲಿಕ್ಕೆ ಆಗ್ತದಲ್ಲ."

ಉಮ್ಮ ದೋಸೆ ಮಡಚುತ್ತಾ, "ಬ್ರಿಟಿಷ್ ಎಲ್ಲಿಂದ? ಒರಿಜಿನಲ್ ಬಂಟ್ವಾಳ ಅಂತ ನಿಮ್ಮ ಯಜಮಾನರೇ ಹೇಳಿದ್ದಂತೆ?" ಅಂದರು.

"ಬಂಟ್ವಾಳ ತಾತ ಅಲ್ವಾ? ತಾತನಿಗೆ ಮದುವೆ ಮಾಡ್ಲಿಕ್ಕೆ ಉಂಟಾ ನಮಗೆ?"

ಮಿಸ್ "ಏನಂತೆ?" ಎಂದು ನನ್ನನ್ನು ಕೇಳಿದರು. ನಾಚಿಕೆಯಿಂದ ನೆಲ ನೋಡುತ್ತಾ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೋಪ ಮಾಡಲಿಲ್ಲ. ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು, ನಾನು ಅನುವಾದ ಮಾಡಿದೆ: "ಆಂಟಿ, ಗಂಡನನ್ನು ಬ್ರಿಟನ್ನಿಗೆ ಕರೆದುಕೊಂಡು ಹೋಗಬೇಕಾದರೆ ಹೆಂಡತಿಗೆ ಇಂತಿಷ್ಟು ಸಂಬಳ ಇದೆ ಎಂದು ಅಲ್ಲಿಯ ಸರ್ಕಾರಕ್ಕೆ ತೋರಿಸಬೇಕಂತೆ. ನಿಮ್ಮ ಯಜಮಾನರು ಕೊಡುವ ಸಂಬಳಕ್ಕೆ ಬೆಕ್ಕಿನ ಮರಿಯನ್ನೂ ಒಳಗೆ ಬಿಡುವುದಿಲ್ಲವಂತೆ."

ಆಂಟಿ ಹಲ್ವಾದ ಡಬ್ಬದ ಮುಚ್ಚಳ ಹಾಕಿದರು. ಮುಖ ನೋಡಿದರೆ ಸಿಟ್ಟು ನಮ್ಮ ಮೇಲಲ್ಲ.

ಮಾರನೆಯ ದಿನ ಸರ್ ಮನೆಯಿಂದ ಬುತ್ತಿ ಬರಲಿಲ್ಲ. ಕ್ಯಾಂಟೀನಿನ ಸ್ಯಾಂಡ್‌ವಿಚ್ ತಿಂದರು.

ಹೊಸ ಟೀಚರ್

ಮುಂದಿನ ಟರ್ಮ್ ಬಂತು. ಮಿಸ್ ಕ್ಲಾಸಿನ ಮಕ್ಕಳು ಪಟಪಟನೆ ಇಂಗ್ಲಿಷ್ ಮಾತಾಡುತ್ತಿದ್ದರು. ನಮ್ಮ ಶಾಲೆಯಲ್ಲಿ ಹಾಗೆ ಮಾತಾಡುವವರು ಅವರು ಮಾತ್ರ. ಆದರೆ ಒಬ್ಬರು ಪೇರೆಂಟ್ ಆಫೀಸಿಗೆ ಬಂದು, "ಬ್ರಿಟಿಷ್ ಸಿಲೆಬಸ್ ಅಂತ ಇಷ್ಟು ಫೀಸು ತಗೊಳ್ತೀರಿ, ಬ್ರಿಟಿಷ್ ಟೀಚರ್ ಎಲ್ಲಿ? ನಾನು ಗೇಟಿನಲ್ಲಿ ನಿಂತು ನೋಡಿದೆ, ಒಬ್ಬರೂ ಒಳಗೆ ಹೋಗಲಿಲ್ಲ" ಎಂದು ಗಲಾಟೆ ಮಾಡಿ ಹೋದರು. ಅವರು ನೋಡುತ್ತಾ ನಿಂತಿದ್ದಾಗಲೇ ಮಿಸ್ "ಗುಡ್ ಮಾರ್ನಿಂಗ್" ಹೇಳಿ ಒಳಗೆ ಬಂದಿದ್ದರು.

ಒಂದು ವಾರದಲ್ಲಿ ಸರ್ ಒಬ್ಬರನ್ನು ಹುಡುಕಿ ತಂದರು. ಯಾವುದೋ ಕಂಪನಿಯ ಎಂಜಿನಿಯರ್ ಹೆಂಡತಿ. ಬಂಗಾರದ ಬಣ್ಣದ ಕೂದಲು, ನೀಲಿ ಕಣ್ಣು, ಹಾಲಿನಂಥ ಮೈ. ಪಾಪ, ಆಕೆಯನ್ನು ನಾನು ದೂರುವುದಿಲ್ಲ, ನನಗಿಂತ ಹೆಚ್ಚು ನಾಚಿಕೆಯವರು. ಬ್ಯಾಗಿನ ಹಿಡಿಯನ್ನು ಎರಡು ಕೈಯಲ್ಲೂ ಬಿಗಿಹಿಡಿದು ಕೂತಿದ್ದರು. ಸರ್ ಮಿಸ್‌ನ ಕರೆಸಿ, "ಇವರು ನಮ್ಮ ಹೊಸ ಬ್ರಿಟಿಷ್ ಟೀಚರ್" ಅಂದರು.

ಮಿಸ್ ಸಂತೋಷದಿಂದ ಕೈ ಚಾಚಿದರು. "ಹೌದಾ! ಬ್ರಿಟನ್ನಿನಲ್ಲಿ ಯಾವ ಕಡೆ?"

"ಯೆಸ್" ಅಂದರು ಹೊಸ ಟೀಚರ್.

"ಅಲ್ಲ, ಯಾವ ಊರು?"

"ವೆರಿ ನೈಸ್."

ಮಿಸ್ ಸರ್ ಮುಖ ನೋಡಿದರು. ಸರ್ ಗಂಟಲು ಸರಿ ಮಾಡಿಕೊಂಡರು. "ಇವರದು ಬ್ರಿಟನ್ನಿನ ಆಚೆಗೆ, ಸ್ವಲ್ಪ ಪೂರ್ವಕ್ಕೆ."

"ಎಷ್ಟು ಪೂರ್ವಕ್ಕೆ?"

"ನಡುವೆ ಒಂದು ನಾಲ್ಕೈದು ದೇಶ ಬರಬಹುದು."

ಮಿಸ್ ಕುರ್ಚಿ ಎಳೆದು ಕೂತರು. "ಸರ್, ನನ್ನ ಬ್ರಿಟಿಷ್ ಸ್ಕೇಲ್ ಈ ಟರ್ಮಿನಲ್ಲಿ ನೋಡುತ್ತೇವೆ ಎಂದಿದ್ದಿರಿ. ಅಮ್ಮನಿಗೆ ಮನೆ ಖಾಲಿ ಮಾಡಲು ಹೇಳಿದ್ದಾರೆ. ನನಗೆ ಈಗಲೇ ತಿಳಿಯಬೇಕು."

"ಅದೇ ಬೇಜಾರು ಮಿಸ್. ಒಂದೇ ಜಾಗ ಇತ್ತು, ಇವರಿಗೆ ಹೋಯಿತು."

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದ್ದೆ. ಅಷ್ಟಕ್ಕೇ ವಿಷಯ ಮುಗಿಯಿತು ಎಂದುಕೊಂಡ ಸರ್ ಕುರ್ಚಿಯನ್ನು ಮುಂದೆ ಎಳೆದುಕೊಂಡು ದನಿ ತಗ್ಗಿಸಿದರು.

"ನಿಮ್ಮಿಂದ ಒಂದು ಸಣ್ಣ ಉಪಕಾರ ಆಗಬೇಕು. ಮುಂದಿನ ವಾರ ಪೇರೆಂಟ್ಸ್ ಮೀಟಿಂಗ್. ಅಷ್ಟರೊಳಗೆ ಇವರಿಗೆ ಸ್ವಲ್ಪ ಇಂಗ್ಲಿಷ್ ಕಲಿಸಿಬಿಡಿ."

"ಸ್ವಲ್ಪ ಎಂದರೆ ಎಷ್ಟು?"

"ಜಾಸ್ತಿ ಏನಿಲ್ಲ. ಬಾಯಿ ಬಿಟ್ಟರೆ ನಿಮ್ಮ ಹಾಗೆ ಕೇಳಿಸಿದರೆ ಸಾಕು."

"ನನ್ನ ಹಾಗೆ? ಯಾಕೆ, ನನ್ನದು ಹೇಗಿದೆ?"

"ಅಯ್ಯೋ, ಇದೆಂಥ ಪ್ರಶ್ನೆ! ಇಡೀ ಶಾಲೆಯಲ್ಲಿ ಪಕ್ಕಾ ಬ್ರಿಟಿಷ್ ಅಂದರೆ ನೀವೊಬ್ಬರೇ ಅಲ್ವಾ?"

ಹೊಸ ಟೀಚರ್ ಏನೂ ಅರ್ಥವಾಗದೆ ಇಬ್ಬರಿಗೂ ನಕ್ಕರು. ಮಿಸ್ ಎದ್ದು ನನ್ನ ಮೇಜಿಗೆ ಬಂದು, ಶಾಲೆಯ ಹೆಸರು ಅಚ್ಚಾಗಿದ್ದ ಒಂದು ಖಾಲಿ ಹಾಳೆ ಎತ್ತಿಕೊಂಡರು. ನಾನು ಕೇಳದೆಯೇ ಪೆನ್ನಿನ ಮುಚ್ಚಳ ತೆಗೆದು ಕೊಟ್ಟೆ. ಎರಡನ್ನೂ ಅವರು ಸರ್ ಮುಂದೆ ನೀಟಾಗಿ ಇಟ್ಟರು.

"ಈಗ ಹೇಳಿದಿರಲ್ಲ, ಆ ಕೊನೆಯ ಮಾತು. ಅದನ್ನು ಇದರಲ್ಲಿ ಬರೆದು ಸಹಿ ಹಾಕಿ ಕೊಡುತ್ತೀರಾ, ಸರ್?"

ಸರ್ ಹಾಳೆ ನೋಡಿದರು, ನನ್ನನ್ನು ನೋಡಿದರು, ರಿಂಗ್ ಆಗದ ಫೋನನ್ನು ಎತ್ತಿ ಕಿವಿಗೆ ಹಿಡಿದು "ಹಲೋ, ಹಲೋ" ಅನ್ನತೊಡಗಿದರು.