ಕರಿನಾಗನ ಸಿಂಹಾಸನ

ಚೌಡೇಶನ ಭಾನುವಾರ ಹಾಳಾಗಲು ಕಾರಣ, ಅವನು ಆಡುವುದನ್ನು ಬಿಟ್ಟು ಇಪ್ಪತ್ತು ಚಿಲ್ಲರೆ ವರ್ಷವಾಗಿದ್ದ ಒಂದು ಆಟ. ಅದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. 'ಪೂರ್ವಕ್ಕೆ ಹೋಗು' ಎಂದು ಟೈಪು ಮಾಡಿದರೆ 'ಎದುರಿಗೆ ಕೋಟೆ ಇದೆ' ಎಂದು ಬರುತ್ತಿತ್ತು. ಕೋಟೆಯನ್ನು ಆಡುವವನೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು.

ಆಗ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಬಳಿಯ ಎಸ್‌ಟಿಡಿ ಬೂತಿನಲ್ಲಿ ಒಂದೇ ಕಂಪ್ಯೂಟರು, ಒಂದೇ ಫೋನ್ ಲೈನು. ಪ್ರತಿ ಸಲ ಇಂಟರ್ನೆಟ್ ಸಿಗುವ ಮುನ್ನ ಮೋಡೆಮ್ಮು ಕತ್ತು ಹಿಸುಕಿದ ಕೋಳಿಯಂತೆ ಕಿರುಚುತ್ತಿತ್ತು. ಚೌಡೇಶ ತಿಂಗಳುಗಟ್ಟಲೆ ಕಾದಾಡಿ ಸಿಂಹಾಸನದ ಕೋಣೆಯ ಬಾಗಿಲಿಗೆ ಬಂದಿದ್ದ. ಅಷ್ಟರಲ್ಲಿ ಎದುರುಮನೆಯ ಚಿಕ್ಕತಾಯಮ್ಮ ಅಜ್ಜೀಪುರದ ತಂಗಿಯೊಡನೆ ಮಾತಾಡಲು ಬಂದು ರಿಸೀವರ್ ಎತ್ತಿದರು. ಲೈನು ಕಡಿಯಿತು. ಅವರು ಹಪ್ಪಳದ ಹಿಟ್ಟಿನ ಹದ ಹೇಳಿ ಮುಗಿಸುವಷ್ಟರಲ್ಲಿ ಬೇರೆಲ್ಲೋ ಕೂತು ಆಡುತ್ತಿದ್ದ ಕರಿನಾಗ ಎಂಬ ಎದುರಾಳಿ ಒಳನುಗ್ಗಿ ಸಿಂಹಾಸನದ ಮೇಲೆ ಕೂತುಬಿಟ್ಟಿದ್ದ. ಆ ಸಿಟ್ಟಿಗೆ ಚೌಡೇಶ ಆಟವನ್ನೇ ಬಿಟ್ಟ.

ಹೋದ ವಾರ ಫೋನಿನಲ್ಲಿ ಏನೋ ಹುಡುಕುತ್ತಿದ್ದಾಗ ಆ ಆಟ ಇನ್ನೂ ನಡೆಯುತ್ತಿರುವುದು ಕಣ್ಣಿಗೆ ಬಿತ್ತು. ಆಗಿನಂತೆ 'ಕೊಳ್ಳೇಗಾಲದ ಚೌಡೇಶ' ಎಂದೇ ಹೆಸರು ಹಾಕಿದ. ಅವನ ವೀರ ಅದೇ ಬಾಗಿಲಲ್ಲಿ ಕತ್ತಿ ಹಿಡಿದು ನಿಂತೇ ಇದ್ದ. ಒಳಗಿನಿಂದ ಕರಿನಾಗನ ಮಾತು ಬಂತು: 'ಇನ್ನೂ ಬದುಕಿದ್ದೀಯಾ? ಧೈರ್ಯವಿದ್ದರೆ ಭಾನುವಾರ ಸಂಜೆ ಆರಕ್ಕೆ ಬಾ.'

ಭಾನುವಾರ ಸಂಜೆ ಆರಕ್ಕೇ ಬೀದಿಯ ಸಂಘದ ಸಭೆಯೂ ಇತ್ತು. ನೇಕಾರರ ಆ ಬೀದಿಯಲ್ಲಿ ಅಧ್ಯಕ್ಷಗಿರಿ ಯಾರಿಗೂ ಬೇಡ. ನಲ್ಲಿ, ಚರಂಡಿ, ಬೀದಿನಾಯಿ, ಎಲ್ಲರ ದೂರೂ ಅಧ್ಯಕ್ಷನ ತಲೆಗೆ. ಅದಕ್ಕೇ ಅಲ್ಲೊಂದು ಪದ್ಧತಿ: ಸಭೆಗೆ ಬಾರದವನೇ ಅಧ್ಯಕ್ಷ. ಒಂದು ವರ್ಷ ಸಭೆಯ ದಿನವೇ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದ ಮಾದಸ್ವಾಮಿ, ಹಣೆಯ ವಿಭೂತಿ ಅಳಿಸುವ ಮೊದಲೇ ಅಧ್ಯಕ್ಷನಾಗಿದ್ದ. ಆಮೇಲೆ ಜ್ವರ ಬಂದವರೂ ಕಂಬಳಿ ಹೊದ್ದು ಸಭೆಗೆ ಬರತೊಡಗಿದ್ದರಿಂದ ಪಾಪ, ಅವನೇ ಮುಂದುವರಿದಿದ್ದ.

ಬೆಳಿಗ್ಗೆಯೇ ಮಾದಸ್ವಾಮಿ ನಗುತ್ತಾ ಬಂದ. "ಚೌಡೇಸಣ್ಣ, ಸಂಜೆ ಸಭೇಲಿ ಇಸೇಸ ಏನಿಲ್ಲ ಕಣಣ್ಣ. ನೀವು ಮನೇಲೇ ಆರಾಮಾಗಿರಿ."

"ನಾನ್ ಸತ್ರೂ ನನ್ ಎಣ ಬತ್ತದೆ ಕಣಪ್ಪ ಸಭೆಗೆ," ಎಂದ ಚೌಡೇಶ.

ಹೆಂಡತಿ ಅಂಜನಾಳಿಗೆ ಬೇರೆಯದೇ ಚಿಂತೆ. "ರೀ, ಮಗ್ಗಕ್ಕೆ ಹೊಸ ಹಾಸುನೂಲು ಬಂದು ಬಿದ್ದದೆ. ಎಳೆ ಸೇರ್ಸೋದು ಬಿಟ್ಟು ಅದೇನ್ರೀ ಫೋನು?"

"ಇಪ್ಪತ್ತು ವರ್ಸದಿಂದ ಬಾಗ್ಲಲ್ಲಿ ನಿಲ್ಸವ್ನೆ ನನ್ನ. ಇವತ್ತು ಸಿಂಹಾಸನದ ಮೇಲೆ ಕೂತೇ ಕೂರ್ತೀನಿ. ಯಾರ್ ತಡೀತಾರೋ ನೋಡ್ತೀನಿ."

"ಮೊದ್ಲು ಮಗ್ಗದ ಗುಂಡೀಲಿ ಕೂತ್ಕಳಿ."

ಚೌಡೇಶ ಜಗ್ಗಲಿಲ್ಲ. ಎರಡನ್ನೂ ಬಿಡುವುದಿಲ್ಲವೆಂದು ಹಟ ತೊಟ್ಟು, ಫೋನು ಹಿಡಿದು ಸಭೆಗೇ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಬೀದಿಯವರೆಲ್ಲ ಬಂದಿದ್ದರು. ಮೇಜಿನ ಹಿಂದೆ ಮಾದಸ್ವಾಮಿ ತಲೆ ಬಗ್ಗಿಸಿ ತನ್ನ ಫೋನು ಒತ್ತುತ್ತಿದ್ದ.

ಆರು ಹೊಡೆಯಿತು. ಆಟದಲ್ಲಿ ಸಿಂಹಾಸನದ ಕೋಣೆಯ ಬಾಗಿಲು ತೆರೆಯಿತು. ಚೌಡೇಶ 'ಹೊಡೆ' ಎಂದು ಒತ್ತಿದ. 'ಕರಿನಾಗ ಎದ್ದು, ಪಕ್ಕಕ್ಕೆ ಸರಿದು, ಕೈ ಮುಗಿಯುತ್ತಾನೆ' ಎಂದಿತು ಪರದೆ. ಹೆದರಿಬಿಟ್ಟ ಹೇಡಿ ಎಂದು ಚೌಡೇಶನ ಎದೆ ಉಬ್ಬಿತು. 'ಕೂರು' ಎಂದು ಒತ್ತಿದ.

ಆ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿದ್ದ ಚಿಕ್ಕತಾಯಮ್ಮ ಅವನ ಫೋನಿಗೆ ಕೈ ಹಾಕಿದರು. "ನನ್ದರಲ್ಲಿ ಕರೆನ್ಸಿ ಇಲ್ಲ ಕಣ್ಲಾ ಚೌಡೇಸ. ಒಸಿ ಕೊಡು, ಅಜ್ಜೀಪುರುಕ್ಕೆ ಮಾಡ್ಬೇಕು."

ಹಳೆಯ ಗಾಯವೆಲ್ಲ ಒಟ್ಟಿಗೇ ಕೆರಳಿತು. "ಈ ಸಲ ಕೊಡಾಕಿಲ್ಲ," ಎಂದು ಚೌಡೇಶ ಎದ್ದುನಿಂತು, ಅವರಿಗೆ ಎಟುಕದಂತೆ ಫೋನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ.

ಸಭೆಯಲ್ಲಿ ಚಪ್ಪಾಳೆ ಬಿತ್ತು. ಏಕೆಂದರೆ ಸಭೆಗೆ ಬಾರದವರು ಯಾರೂ ಇಲ್ಲದ್ದರಿಂದ ಮಾದಸ್ವಾಮಿ ಆಗಷ್ಟೇ, "ಅಧ್ಯಕ್ಷರಾಗೋಕೆ ಒಪ್ಪೋರು ಕೈ ಎತ್ತಿ," ಎಂದು ಕೇಳಿದ್ದ. ಹಾರ ಎಷ್ಟು ವರ್ಷದಿಂದ ತಯಾರಿತ್ತೋ, ಓಡಿಬಂದು ಚೌಡೇಶನ ಕೊರಳಿಗೆ ಹಾಕಿಯೇಬಿಟ್ಟ.

ಚೌಡೇಶ ಫೋನು ಕೆಳಗಿಳಿಸಿ ನೋಡಿದ. 'ರಾಜರೇ, ಇನ್ನೊಬ್ಬರು ಬಂದು ಕೂರುವ ತನಕ ನೀವು ಏಳುವಂತಿಲ್ಲ. ಪ್ರಜೆಗಳ ದೂರು ಕೇಳಿ.' ಅದರ ಕೆಳಗೆ ದೂರುಗಳ ಸಾಲು: ಬಾವಿ ಬತ್ತಿದೆ, ಸೇತುವೆ ಮುರಿದಿದೆ, ರಾಕ್ಷಸ ಕುರಿ ತಿಂದಿದ್ದಾನೆ.

ಮಾದಸ್ವಾಮಿ ಹಾರ ಸರಿಮಾಡುವ ನೆಪದಲ್ಲಿ ಕಿವಿಯ ಹತ್ತಿರ ಬಗ್ಗಿದ. "ಯಳಂದೂರಲ್ಲಿ ನಮ್ಮಾವನ ಬೂತಿತ್ತಲ್ಲ ಚೌಡೇಸಣ್ಣ, ಅಲ್ಲಿ ಕೂತು ಆಡ್ತಿದ್ದೋನು ನಾನೇ, ಕರಿನಾಗ. ಆವತ್ತು ಆಸೆಬಿದ್ದು ಕೂತೋನು ಇವತ್ತೇ ಎದ್ದಿದ್ದು. ಆಟ ಬಿಟ್ರೂ ದೂರು ಫೋನಿಗೇ ಬತ್ತವೆ. ಸಭೆ ತಪ್ಪುಸ್ಕತೀರ ಅಂತ ಆರಕ್ಕೇ ಬಾ ಅಂದಿದ್ದೆ. ನೀವು ಎರಡ್ಕೂ ಬಂದ್ಬುಟ್ರಿ."

ಚೌಡೇಶ ಸೋಲೊಪ್ಪಲಿಲ್ಲ. ಹಲ್ಲು ಕಚ್ಚಿ 'ಏಳು' ಎಂದು ಒತ್ತಿದ. 'ನಿಮ್ಮ ಮಾತು ಅರ್ಥವಾಗಲಿಲ್ಲ' ಎಂದಿತು ಪರದೆ.

ಹಾರ ಕಿತ್ತು ಮೇಜಿನ ಮೇಲೆಸೆದು ಸಭೆಯತ್ತ ತಿರುಗಿದ. "ನಾನ್ ಒಪ್ಪಾಕಿಲ್ಲ ಕಣ್ರಿ. ಸುತಾರಾಂ ಒಪ್ಪಾಕಿಲ್ಲ."

ಚಿಕ್ಕತಾಯಮ್ಮ ಕಿವಿಗೆ ಕೈ ಆನಿಸಿದರು. "ನೀ ಏನಂದ್ಯೋ ಒಂದೂ ತಿಳೀನಿಲ್ಲ ಕಣ್ಲಾ ಮಗ. ಅದಿರ್ಲಿ, ನಮ್ ನಲ್ಲಿ ಯಾವಾಗ ಸರಿಮಾಡುಸ್ತೀಯೆ?"