ಇಲ್ಲದ ಮೂರು ಎಮ್ಮೆಗಳನ್ನು ದಾಖಲೆಯಿಂದ ಬಿಡಿಸುವ ಬಗ್ಗೆ

ಇಂದ,
ತಂಗೆವ್ವ,
ಬೈರಣ್ಣನವರ ವಠಾರ, ಎರಡನೇ ಮಹಡಿ (ಎಮ್ಮೆ ಹತ್ತಲಾರದ ಮೆಟ್ಟಿಲು),
ಸುದ್ದಗುಂಟೆಪಾಳ್ಯ, ಬೆಂಗಳೂರು.

ಗೆ,
ಶ್ರೀ ಶಶಿಧರ್, ವ್ಯವಸ್ಥಾಪಕರು,
ಬೆಳ್ಳಿಬೆಳಗು ಕಿರುಸಾಲ ಸಂಸ್ಥೆ, ಬಿಟಿಎಂ ಶಾಖೆ.

ವಿಷಯ: ನನ್ನ ಹೆಸರಿನಲ್ಲಿರುವ ಎಮ್ಮೆಗಳನ್ನು ತೆಗೆದುಹಾಕಿ, ರೊಟ್ಟಿ ಮಷಿನ್‌ಗೆ ಸಾಲ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: ನನಗೆ ‘ಮಾದರಿ ಹೈನುಗಾರ ಮಹಿಳೆ’ ಪ್ರಶಸ್ತಿ ಬಂದಿದೆ ಎಂಬ ತಮ್ಮ ಪತ್ರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮುದ್ದೇಬಿಹಾಳದ ಕಡೆಯಿಂದ ಬಂದು ಇಲ್ಲಿನ ಪೀಜಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುತ್ತಿರುವ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ಮೊದಲ ಸಾಲ ಬರೆಸುವಾಗ ತಮ್ಮ ಫೀಲ್ಡ್ ಆಫೀಸರ್ ರವಿಕುಮಾರ ಮೊಬೈಲ್ ಒತ್ತಿ ಒತ್ತಿ ಸುಸ್ತಾಗಿ, “ಅಕ್ಕಾ, ಇದ್ರಲ್ಲಿ ರೊಟ್ಟಿ ಅಂತ ಬರೋದೇ ಇಲ್ಲ. ಎಮ್ಮೆ ಅಂತ ಹಾಕ್ಲಾ? ಬೇಗ ಪಾಸ್ ಆಗುತ್ತೆ” ಎಂದನು. “ಹಾಕಪಾ, ಎಮ್ಮಿಗೇನ ಗೊತ್ತಾಗತೈತಿ” ಎಂದೆನು. ಕಾರಣ, ಎಮ್ಮೆಯಾಯಿತು.

೨. ಎಮ್ಮೆಯ ಫೋಟೋ ಬೇಕೆಂದರು. ಮನೆ ಓನರ್ ಬೈರಣ್ಣನವರು ಪಕ್ಕದ ಖಾಲಿ ಸೈಟಿನಲ್ಲಿ ಒಂದೇ ಒಂದು ಎಮ್ಮೆ ಸಾಕಿದ್ದರು. ಮೊದಲ ಸಾಲಕ್ಕೆ ಅದರ ಎಡಗಡೆ, ಎರಡನೆಯದಕ್ಕೆ ಬಲಗಡೆ, ಮೂರನೆಯದಕ್ಕೆ ಎದುರಿಗೆ ನಿಂತು ಫೋಟೋ ತೆಗೆಸಿಕೊಂಡೆನು. ಆದ್ದರಿಂದ ತಮ್ಮ ದಾಖಲೆಯಲ್ಲಿ ಮೂರು ಎಮ್ಮೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ತಾವು ಅದಕ್ಕೆ ಪ್ರಶಸ್ತಿಯನ್ನೂ ಕಟ್ಟಿದ್ದೀರಿ. ನನ್ನ ಎಮ್ಮೆಗಳಿಂದ ದೇಶದ ಆರ್ಥಿಕತೆ ಬೆಳೆದಿದೆ ಎಂದು ಪತ್ರದಲ್ಲಿದೆ. ಬೆಳೆದಿದ್ದರೆ ಸಂತೋಷ.

೩. ಬೈರಣ್ಣನವರು ಯುಗಾದಿಗೆ ಎಮ್ಮೆ ಮಾರಿ ಆ ಸೈಟಿನಲ್ಲಿ ಪೀಜಿ ಕಟ್ಟಿಸಿದರು. “ಒಂದನೇ ತಾರೀಕಿಂದ ದಿನಾ ಮುನ್ನೂರು ರೊಟ್ಟಿ ಕೊಡವ್ವ. ಆಗಲ್ಲ ಅಂದ್ರೆ ಹೇಳ್ಬುಡು, ಗಿರಿನಗರದ ರೊಟ್ಟಿಯೋರ ಹತ್ರ ತರಿಸ್ಕೋತೀನಿ” ಎಂದಿದ್ದಾರೆ. ಈಗಾಗಲೇ ದಿನಕ್ಕೆ ಇನ್ನೂರು ಬಡಿದು ಮಣಿಕಟ್ಟು ಊದಿದೆ. ಮಷಿನ್ ಇಲ್ಲದೆ ಆಗದು.

೪. ಅದಕ್ಕೆ ಸಾಲ ಕೇಳಿದರೆ ತಾವು, “ಏನಮ್ಮಾ, ಮೂರು ಎಮ್ಮೆ ಇಟ್ಕೊಂಡು ರೊಟ್ಟಿ ಮಷಿನ್ ಯಾಕೆ? ನಾಲ್ಕನೇ ಎಮ್ಮೆ ತಗೋ, ನಾಳೇನೇ ಪಾಸ್ ಮಾಡ್ತೀನಿ” ಎಂದಿರಿ. ಫೋಟೋಗೆ ಇನ್ನು ಬಾಲದ ಕಡೆ ಮಾತ್ರ ಬಾಕಿ, ಅದಕ್ಕೂ ಎಮ್ಮೆ ಇಲ್ಲ ಎಂದು ಆ ದಿನ ಹೇಳಲಾಗಲಿಲ್ಲ. ರವಿಕುಮಾರ ಅಲ್ಲೇ ಬೆವರುತ್ತಾ ನಿಂತಿದ್ದನು. ಪಾಪ, ಅವನನ್ನು ಬೈಯಬಾರದು.

೫. ಮೂರು ಸಾಲದಲ್ಲಿ ಒಂದು ಕಂತೂ ತಪ್ಪಿಲ್ಲ. ಕಟ್ಟಿದವಳು ನಾನು, ಹೆಸರು ಬಂದದ್ದು ಎಮ್ಮೆಗೆ. ಹೊಟ್ಟೆ ಉರಿಯುತ್ತದೆ ಸ್ವಾಮಿ.

ಆದ್ದರಿಂದ ಮೂರು ಎಮ್ಮೆಗಳನ್ನೂ ಹೊಡೆದುಹಾಕಿ, ಆ ಜಾಗದಲ್ಲಿ ‘ರೊಟ್ಟಿ’ ಎಂದು ಬರೆದು, ಒಂದನೇ ತಾರೀಕಿನೊಳಗೆ ಸಾಲ ಕೊಡಿಸಬೇಕಾಗಿ ಕೋರಿಕೆ.

ಕಂತು ತಪ್ಪದ ತಮ್ಮ ವಿಶ್ವಾಸಿ,
ತಂಗೆವ್ವ

ಲಗತ್ತು:
ಎಮ್ಮೆಯ ಫೋಟೋ ಮೂರು (ಎಡ, ಬಲ, ಎದುರು)
ಕಂತಿನ ಪುಸ್ತಕ
ಜೋಳದ ರೊಟ್ಟಿ ನಾಲ್ಕು, ಶೇಂಗಾ ಚಟ್ನಿ ಸಹಿತ (ತನಿಖೆಗಾಗಿ)

ವಿ.ಸೂ.: ಗುರುವಾರ ಪ್ರಶಸ್ತಿ ಕೊಡಲು ಬರುವ ದೊಡ್ಡ ಆಫೀಸಿನವರು ಎಮ್ಮೆಯನ್ನು ನೋಡಲೇಬೇಕೆಂದರೆ, ತಾವೇ ಎಲ್ಲಿಂದಾದರೂ ಒಂದನ್ನು ಹಿಡಿದುಕೊಂಡು ಬರತಕ್ಕದ್ದು. ಹಾರ ಅದಕ್ಕೆ ಹಾಕಿ, ಸಾಲ ನನಗೆ ಕೊಡಿ.